ಮೇಜಿನ ಮೇಲೊಂದು ಬೈಲು

ಡಿಸೆಂಬರ್ ನಡುವಿಗೆ ಬಂದಾಗ ಪುತ್ತೂರು–ಸುಳ್ಯ ಕಡೆಯ ಕ್ರೈಸ್ತರ ಮನೆಗಳಲ್ಲಿ ಒಂದೊಂದು ಗುಡ್ಡೆ ಏಳುತ್ತದೆ. ಅಡಿಯಲ್ಲಿ ಹಳೆಯ ಸ್ಟೂಲೋ ಮರದ ಪೆಟ್ಟಿಗೆಯೋ ಇರುತ್ತದೆ. ಅದರ ಮೇಲೆ ಗೋಣಿ, ಗೋಣಿಯ ಮೇಲೆ ಕೆಮ್ಮಣ್ಣಿನ ರಾಡಿ, ರಾಡಿ ಒಣಗುವ ಮೊದಲೇ ಒತ್ತಿದ ಹಾವಸೆ. ಹತ್ತು ಹದಿನೈದು ದಿನ ಮೊದಲು ತಟ್ಟೆಯಲ್ಲಿ ಬಿತ್ತಿದ ಭತ್ತವೋ ರಾಗಿಯೋ ಅಷ್ಟರಲ್ಲಿ ಬೆರಳುದ್ದ ಎದ್ದು ಗದ್ದೆಯಾಗಿರುತ್ತದೆ. ಒಡೆದ ಕನ್ನಡಿಯ ಚೂರು ಕೆರೆಯಾಗುತ್ತದೆ, ಬೈಹುಲ್ಲು ಕೊಟ್ಟಿಗೆಯ ಮಾಡಾಗುತ್ತದೆ. ದನ, ಕುರಿ, ಕುರುಬ, ಮೂವರು ಜ್ಞಾನಿಗಳು ತಮ್ಮ ತಮ್ಮ ಜಾಗಕ್ಕೆ ಬಂದು ನಿಲ್ಲುತ್ತಾರೆ. ಇದು ಗೋದಲಿ. ಇಟಲಿಯ ಗ್ರೆಚ್ಚೋ ಎಂಬಲ್ಲಿ ಸಂತ ಫ್ರಾನ್ಸಿಸ್ 1223ರಲ್ಲಿ ಜೀವಂತ ದನ ಕಟ್ಟಿ ತೋರಿಸಿದ ದೃಶ್ಯ ಮಂಗಳೂರು ಸೀಮೆಗೆ ಬರುವ ಹೊತ್ತಿಗೆ ಮುರಕಲ್ಲಿನ ಬಣ್ಣ ಪಡೆದುಕೊಂಡಿದೆ.

ಇದೇ ಕೈಕೆಲಸವನ್ನು ಜಗತ್ತಿನ ಬೇರೆ ಕಡೆಗಳಲ್ಲಿ ವರ್ಷವಿಡೀ ಮಾಡುವವರಿದ್ದಾರೆ. ಅವರಿಗೆ ಹಬ್ಬದ ನೆಪ ಬೇಡ. ಅವರು ಮಾಡುವುದಕ್ಕೆ 'ಟೆರೇನ್' ಎಂದು ಹೆಸರು. ಮೇಜಿನ ಮೇಲೆ ಅಂಗೈಯೊಳಗೆ ಅಡಗುವಷ್ಟು ಸಣ್ಣ ಸೈನಿಕರನ್ನು ಇಟ್ಟು, ಅಳತೆ ಪಟ್ಟಿಯಲ್ಲಿ ಇಂಚು ಇಂಚು ಅಳೆದು ನಡೆಸಿ, ದಾಳ ಉರುಳಿಸಿ ಗೆಲುವು ಸೋಲು ತೀರ್ಮಾನಿಸುವ ಆಟಗಳಿಗೆ ಬೇಕಾದ ಗುಡ್ಡ, ಮನೆ, ತೋಪು, ಹೊಳೆ, ಗೋಡೆ ಎಲ್ಲವೂ ಟೆರೇನ್. ಈ ಆಟ ನಮ್ಮದಲ್ಲ. ನೆಲ ಕಟ್ಟುವ ಕೈ ಮಾತ್ರ ನಮ್ಮಲ್ಲೂ ಇದೆ. ಗಾಳಿಮುಖದಲ್ಲಿ ಕೇರಳದ ಗಡಿಗೆ ತಾಗಿಕೊಂಡಿರುವ, ಸುತ್ತ ಅಡಕೆ ತೋಟ, ನಡುವೆ ಪಂಚಲಿಂಗೇಶ್ವರ ದೇವಸ್ಥಾನ ಇರುವ ಈಶ್ವರಮಂಗಲದಂಥ ಊರಿನಲ್ಲಿ ಕುಳಿತು ಒಬ್ಬ ಇಂಥ ನೆಲ ಕಟ್ಟಹೊರಟರೆ ಅವನಿಗೆ ಏನು ಬೇಕು, ಏನು ಹಿತ್ತಿಲಲ್ಲೇ ಇದೆ, ಏನು ಕೈಕೊಡುತ್ತದೆ ಎನ್ನುವುದು ಇಲ್ಲಿಯ ಪ್ರಶ್ನೆ.

ಆಟದ ನೆಲದ ಕಥೆ ಒದ್ದೆ ಮರಳಿನಿಂದ ಶುರುವಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಪ್ರಷ್ಯದ ಫಾನ್ ರೈಸ್‌ವಿಟ್ಸ್ ಎಂಬ ಬ್ಯಾರನ್ ಯುದ್ಧಕಲೆ ಕಲಿಸುವ ಆಟವೊಂದನ್ನು ಕಟ್ಟಿದ. ಅವನ ಮೊದಲ ಪ್ರಯೋಗದಲ್ಲಿ ಬೆಟ್ಟ ಕಣಿವೆಗಳೆಲ್ಲ ಮರಳಿನವು. ದೊರೆಗೆ ತೋರಿಸಬೇಕಾಗಿ ಬಂದಾಗ ಮರಳು ಅವನಿಗೆ ಅಗ್ಗವೆನಿಸಿತು. 1812ರಲ್ಲಿ ಮೂರನೆಯ ಫ್ರೆಡರಿಕ್ ವಿಲಿಯಮ್ ದೊರೆಗೆ ಒಪ್ಪಿಸಿದ್ದು ಖಾನೆಗಳಿದ್ದ ದೊಡ್ಡದೊಂದು ಮೇಜು. ಖಾನೆಗಳ ತುಂಬ ಹೊಳೆ, ಹಾದಿ, ಹಳ್ಳಿ, ಕಾಡು ಮೂಡಿಸಿದ ಗಾರೆಯ ಬಿಲ್ಲೆಗಳು. ಬೇಕಾದಂತೆ ಜೋಡಿಸಿದರೆ ದಿನಕ್ಕೊಂದು ದೇಶ ತಯಾರು. ಅವನ ಮಗ 1824ರಲ್ಲಿ ಅದನ್ನು ಪರಿಷ್ಕರಿಸಿ ನಕಾಶೆಯ ಮೇಲೆ ಆಡುವ ಆಟವಾಗಿ ಮಾಡಿದ. ಪ್ರಷ್ಯದ ಸೇನೆ ಅದನ್ನು ತರಬೇತಿಗೆ ಬಳಸಿತು. ನೆಲ ಮತ್ತೆ ಚಪ್ಪಟೆಯಾಯಿತು.

ಅದನ್ನು ಮತ್ತೆ ಎಬ್ಬಿಸಿದ್ದು ಒಬ್ಬ ಕಾದಂಬರಿಕಾರ. ಕಾಲಯಂತ್ರದ ಕಥೆ ಬರೆದ ಎಚ್.ಜಿ. ವೆಲ್ಸ್ 1911ರಲ್ಲಿ 'ಫ್ಲೋರ್ ಗೇಮ್ಸ್', 1913ರಲ್ಲಿ 'ಲಿಟಲ್ ವಾರ್ಸ್' ಎಂಬ ಎರಡು ಪುಸ್ತಕ ಹೊರತಂದ. ಮನೆಯ ನೆಲದ ಮೇಲೆ ತವರದ ಸೈನಿಕರು, ಸ್ಪ್ರಿಂಗಿನಿಂದ ಮರದ ಗುಂಡು ಹಾರಿಸುವ ಆಟಿಕೆ ಫಿರಂಗಿ, ನಡೆ ಅಳೆಯಲು ದಾರದ ತುಂಡು. ಕಾಲಾಳಿಗೆ ಒಂದು ಸಲಕ್ಕೆ ಒಂದು ಅಡಿ, ಕುದುರೆಗೆ ಎರಡು ಅಡಿ. ಶುರುವಿಗೆ ವಿಶ್ವಕೋಶದ ಸಂಪುಟಗಳನ್ನೇ ಅಡ್ಡ ಇಟ್ಟು ದೇಶ ಕಟ್ಟಿದ್ದರು. ಆಮೇಲೆ ರಟ್ಟಿನ ಮನೆ, ಹಲಗೆಯ ತೂತಿಗೆ ಸಿಕ್ಕಿಸಿದ ರೆಂಬೆಯ ಕಾಡು, ಸೀಮೆಸುಣ್ಣದ ಹೊಳೆ ಬಂದವು. ಟೆರೇನ್ ಮಾಡುವವರ ವಂಶದ ಮೂಲಪುರುಷ ಯಾರೆಂದು ಕೇಳಿದರೆ ಪ್ರಷ್ಯದ ಬ್ಯಾರನ್‌ಗಿಂತ ವೆಲ್ಸ್‌ನನ್ನೇ ಹೆಸರಿಸಬೇಕು. ಮನೆಯಲ್ಲಿದ್ದ ವಸ್ತುವಿನಿಂದಲೇ ನೆಲ ಮಾಡಿದವನು ಅವನು.

ಅಲ್ಲಿಂದ ಮುಂದಿನದು ಮಾರುಕಟ್ಟೆಯ ಕಥೆ. 1971ರ 'ಚೈನ್‌ಮೇಲ್' ಎಂಬ ಮಧ್ಯಯುಗದ ಕಾಳಗದ ನಿಯಮಾವಳಿಯಿಂದ 1974ರಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಹುಟ್ಟಿತು. ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಕಂಪನಿ 1983ರಲ್ಲಿ 'ವಾರ್‌ಹ್ಯಾಮರ್' ತಂದಿತು, 1987ರಲ್ಲಿ ಅದರ ಭವಿಷ್ಯಲೋಕದ ತಮ್ಮನನ್ನೂ ತಂದಿತು. ಅದೇ ಕಂಪನಿ ಒಂದು ಕಾಲಕ್ಕೆ ತನ್ನ ಪತ್ರಿಕೆಯಲ್ಲಿ ಹಳೆ ರಟ್ಟು, ಬೇಡದ ಡಬ್ಬಿಗಳಿಂದ ಮನೆ ಮಾಡುವುದನ್ನು ಕಲಿಸುತ್ತಿತ್ತು. ಈಗ ಅಚ್ಚಿನಲ್ಲಿ ಒತ್ತಿದ ಪ್ಲಾಸ್ಟಿಕ್ ಕೋಟೆಗಳನ್ನು ಮಾರುತ್ತದೆ. ಕೈಯಲ್ಲಿ ಮಾಡುವವರು ಹಾಗೆಂದು ಕಡಿಮೆಯಾಗಿಲ್ಲ. ದೂರದಿಂದ ತರಿಸಿದ ಕೋಟೆಯ ಬೆಲೆ ಕೇಳಿದ ಮೇಲೆ ಮನೆಯ ರಟ್ಟಿನ ಪೆಟ್ಟಿಗೆ ಚೆಂದ ಕಾಣುವುದು ಸಹಜ.

ನಮ್ಮ ಕಡೆ ಆಟವೂ ಇತ್ತು, ಪುಟ್ಟ ನೆಲವೂ ಇತ್ತು. ಎರಡೂ ಒಂದನ್ನೊಂದು ಭೇಟಿಯಾಗಲಿಲ್ಲ.

ಆಟಿಯ ಮಳೆಯಲ್ಲಿ ತುಳುನಾಡಿನ ಚಾವಡಿಗಳಲ್ಲಿ ಹೊರಗೆ ಬರುತ್ತಿದ್ದ ಚೆನ್ನೆಮಣೆಯಲ್ಲಿ ಸಾಲಿಗೆ ಏಳರಂತೆ ಹದಿನಾಲ್ಕು ಗುಳಿ. ಗುಳಿಯಿಂದ ಗುಳಿಗೆ ಮಂಜೊಟ್ಟಿ ಕಾಯಿ ಬಿತ್ತುತ್ತ ಹೋಗುವ ಈ ಆಟ ಬೇಸಾಯದ ಲೆಕ್ಕಾಚಾರದಂತೆಯೇ ಇದೆ. ಆದರೂ ಅಲ್ಲಿ ಗದ್ದೆಯಿಲ್ಲ, ಸಂಖ್ಯೆ ಇದೆ. ಹುಲಿ–ಕುರಿ ಆಟ ಹಳೆಯ ದೇವಸ್ಥಾನಗಳ ಕಲ್ಲಹಾಸಿನ ಮೇಲೆ ಗೀರಿದ್ದು ಇಂದಿಗೂ ಕಾಣುತ್ತದೆ. ಅಲ್ಲಿ ಹುಲಿಯಿದೆ, ಕಾಡಿಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮಣೆಯಾಟದ ಹುಚ್ಚು ಎಷ್ಟಿತ್ತೆಂದರೆ 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ 'ಕೌತುಕ ನಿಧಿ' ಆಟಗಳಿಗೇ ಮೀಸಲು. ಅವರ ಮಣೆಗಳೂ ಚಪ್ಪಟೆಯೇ. ನಮ್ಮ ಮಣೆಯಾಟಗಳಲ್ಲಿ 'ಮನೆ'ಗಳಿವೆ, ನೆಲವಿಲ್ಲ. ಪ್ರತಿ ಮನೆಯೂ ಇನ್ನೊಂದರಷ್ಟೇ ಸಮತಟ್ಟು. ಏರು ಇಳಿತ, ಮರೆ ಬಯಲು ಎಂಬುದಿಲ್ಲ.

ನೆಲ ಇದ್ದದ್ದು ಹಬ್ಬದಲ್ಲಿ. ದಸರೆಗೆ ಮೈಸೂರು ಸೀಮೆಯವರು ಪಟ್ಟದ ಗೊಂಬೆ ಕೂರಿಸಿದ ಮೆಟ್ಟಿಲುಗಳ ಪಕ್ಕದಲ್ಲಿ, ನೆಲದ ಮೇಲೆ ಮಣ್ಣು ಹರಡಿ ಒಂದು ಉದ್ಯಾನ ಮಾಡುತ್ತಾರೆ. ರಾಗಿ, ಸಾಸಿವೆ ಮೊಳಕೆ ಬಂದು ಹುಲ್ಲುಗಾವಲಾಗುತ್ತದೆ. ಮೃಗಾಲಯ, ಸಂತೆ, ಮದುವೆ ದಿಬ್ಬಣ, ಕ್ರಿಕೆಟ್ ಮೈದಾನ ಎಲ್ಲಕ್ಕೂ ಅಲ್ಲಿ ಜಾಗ. ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನ ದಸರೆಯ ಹೊತ್ತಿಗೆ ನಡೆಸುವ 'ಬೊಂಬೆ ಮನೆ' ನೋಡಿದವರಿಗೆ ಈ ಕಲೆ ಎಲ್ಲಿಯವರೆಗೆ ಹೋಗಬಲ್ಲದೆಂದು ಗೊತ್ತಾಗುತ್ತದೆ. ವಿಶೇಷವೆಂದರೆ ಅದೇ ಪ್ರತಿಷ್ಠಾನ 'ಕ್ರೀಡಾ ಕೌಶಲ್ಯ' ಎಂಬ ಹೆಸರಿನಲ್ಲಿ ಹಳೆಯ ಮಣೆಯಾಟಗಳ ಪ್ರದರ್ಶನವನ್ನೂ ನಡೆಸುತ್ತ ಬಂದಿದೆ. ಒಂದೇ ಸಂಸ್ಥೆ, ಎರಡು ಪ್ರದರ್ಶನ. ನಡುವಿನ ಬಾಗಿಲು ಯಾಕೋ ತೆರೆದಿಲ್ಲ.

ಗೊಂಬೆ ಹಬ್ಬದ ನೆಲಕ್ಕೂ ಆಟದ ನೆಲಕ್ಕೂ ಮೊದಲ ಜಗಳ ಅಳತೆಯದು. ಗೊಂಬೆ ಸಾಲಿನಲ್ಲಿ ಬ್ಯಾಟು ಹಿಡಿದವನು ದೇವಸ್ಥಾನದ ಗೋಪುರಕ್ಕಿಂತ ಎತ್ತರ ಇದ್ದರೂ ಯಾರೂ ತಕರಾರು ಮಾಡುವುದಿಲ್ಲ. ಗೋದಲಿಯಲ್ಲಿ ಕುರಿಗಿಂತ ಕೋಳಿ ದೊಡ್ಡದಾದರೆ ಮಕ್ಕಳು ನಗುತ್ತಾರೆ, ಅಷ್ಟೆ. ಆಟದಲ್ಲಿ ಇದು ನಡೆಯದು. ಅಲ್ಲಿ ಗೋಡೆಯ ಎತ್ತರ ಸೈನಿಕನ ಎದೆಯವರೆಗೋ ತಲೆಯಿಂದ ಮೇಲೋ ಎನ್ನುವುದರ ಮೇಲೆ ಅವನು ಸಾಯುತ್ತಾನೋ ಬದುಕುತ್ತಾನೋ ನಿರ್ಧಾರವಾಗುತ್ತದೆ. ಮರೆಯಲ್ಲಿದ್ದವನಿಗೆ ಗುಂಡು ತಗಲುವುದು ಕಷ್ಟ, ಗುಡ್ಡೆ ಹತ್ತಿದವನಿಗೆ ದೂರ ಕಾಣುತ್ತದೆ, ಕೆಸರಿಗೆ ಇಳಿದವನ ನಡೆ ಅರ್ಧವಾಗುತ್ತದೆ. ಹೀಗೆ ಟೆರೇನ್ ಎನ್ನುವುದು ಮಣ್ಣಿನಲ್ಲಿ ಬರೆದ ನಿಯಮ. ಅಂದಕ್ಕೆಂದು ಇಟ್ಟ ಒಂದು ಪೊದೆಯೂ ಆಟಗಾರರಿಬ್ಬರ ನಡುವೆ ಅರ್ಧ ಗಂಟೆಯ ವಾದ ಹುಟ್ಟಿಸಬಲ್ಲದು.

ನೆಲದ ಮಾದರಿಯಿಂದ ಕೆಲಸ ತೆಗೆಯುವ ಪದ್ಧತಿ ನಮ್ಮಲ್ಲಿ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಕನ್ನಂಬಾಡಿಯ ಪಕ್ಕದಲ್ಲಿರುವ ಕರ್ನಾಟಕ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರದಲ್ಲಿ ಅಣೆಕಟ್ಟು, ಕೋಡಿ, ನಾಲೆಗಳ ಸಣ್ಣ ಮಾದರಿ ಕಟ್ಟಿ ನೀರು ಹಾಯಿಸಿ ಪರೀಕ್ಷಿಸುತ್ತಾರೆ. ಸೇನೆಯಲ್ಲಿ ದುಡಿದು ಬಂದವರನ್ನು ಕೇಳಿದರೆ 'ಸ್ಯಾಂಡ್ ಮಾಡೆಲ್' ಬಗ್ಗೆ ಹೇಳುತ್ತಾರೆ: ದಾಳಿಗೆ ಮೊದಲು ನೆಲದ ಮೇಲೆ ಮರಳಿನಲ್ಲಿ ಆ ಪ್ರದೇಶವನ್ನೇ ಮಾಡಿ, ಹಸಿರು ಬಣ್ಣ ಹಾಕಿದ ಮರದ ಹುಡಿ ಚೆಲ್ಲಿ ಕಾಡು, ಬಣ್ಣದ ದಾರ ಎಳೆದು ರಸ್ತೆ, ಸುಣ್ಣದಲ್ಲಿ ಗಡಿ. ಸುತ್ತ ನಿಂತ ಜವಾನರಿಗೆ ಎಲ್ಲಿಂದ ಹೋಗಬೇಕು, ಎಲ್ಲಿ ತೆವಳಬೇಕು ಎಂದು ಕೋಲು ತೋರಿಸಿ ವಿವರಣೆ. ಸುಳ್ಯ ಮತ್ತು ಕೊಡಗಿನ ನಿವೃತ್ತ ಸೈನಿಕರ ಮನೆಗಳಲ್ಲಿ ಈ ವಿದ್ಯೆ ಸದ್ದಿಲ್ಲದೆ ಕೂತಿದೆ. ಟೆರೇನ್ ಕಲಿಯುವ ಹುಡುಗರಿಗೆ ಯಾವ ವಿಡಿಯೋಗಿಂತಲೂ ಇವರು ಒಳ್ಳೆಯ ಗುರುಗಳಾದಾರು. ಅಂದ ಅವರಿಗೆ ಮುಖ್ಯವಲ್ಲ, ಮರೆ ಮುಖ್ಯ.

ಹಾಗಾದರೆ ಇಲ್ಲಿ ಕುಳಿತು ಯಾವ ನೆಲ ಕಟ್ಟುವುದು? ಬೂದುಬಣ್ಣದ ಯುರೋಪಿನ ಬಂಡೆ, ಪಾಳುಬಿದ್ದ ಗಾಥಿಕ್ ಚರ್ಚು ಮಾಡುವವರು ಸಾವಿರ ಜನ ಇದ್ದಾರೆ. ಮನೆ ಎದುರಿನ ಬೈಲಿನಲ್ಲೇ ಒಂದು ಯುದ್ಧ ನಡೆದಿರುವಾಗ ಅಲ್ಲಿಯವರೆಗೆ ಹೋಗುವುದು ಯಾಕೆ?

1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜನನ್ನು ಇಳಿಸಿ ಕೊಡಗನ್ನು ವಶಪಡಿಸಿಕೊಂಡಾಗ, ಕೊಡಗಿನ ಕೈಯಲ್ಲಿದ್ದ ಅಮರ ಸುಳ್ಯ, ಪುತ್ತೂರು ಸೀಮೆಗಳು ಕೆನರಾ ಜಿಲ್ಲೆಗೆ ಸೇರಿದವು. ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಾಣ್ಯದಲ್ಲೇ ತೆರಬೇಕೆಂದಾಯಿತು. 1837ರ ಮಾರ್ಚ್ ಕೊನೆಗೆ ರೈತರು ಎದ್ದರು. ಕೆದಂಬಾಡಿ ರಾಮಯ್ಯ ಗೌಡ ಮುಂದೆ ನಿಂತರು. ಕೊಡಗಿನ ರಾಜವಂಶದವನೆಂದು ಪುಟ್ಟಬಸಪ್ಪ 'ಕಲ್ಯಾಣಸ್ವಾಮಿ'ಯಾದ. ಬೆಳ್ಳಾರೆಯ ಬಂಗ್ಲೆಗುಡ್ಡೆಯ ಖಜಾನೆ ಕೈಸೇರಿತು. ಪುತ್ತೂರು, ಪಾಣೆಮಂಗಳೂರು ದಾಟಿ ಏಪ್ರಿಲ್ 5ಕ್ಕೆ ಮಂಗಳೂರಿನ ಬಾವುಟಗುಡ್ಡೆ ತಲುಪಿದ ಬಂಡಾಯಗಾರರು ಹದಿಮೂರು ದಿನ ಪಟ್ಟಣವನ್ನು ಇಟ್ಟುಕೊಂಡಿದ್ದರು. ಸುಳ್ಯ ಸೀಮೆಯವರೇ ಆದ ನಿರಂಜನರು ಇದನ್ನು 'ಕಲ್ಯಾಣಸ್ವಾಮಿ' ಕಾದಂಬರಿ ಮಾಡಿದರು. 2022ರ ನವೆಂಬರಿನಲ್ಲಿ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆ ಎದ್ದಿತು. ಕಾದಂಬರಿ ಆಯಿತು, ಪ್ರತಿಮೆ ಆಯಿತು. ಮೇಜಿನ ಮೇಲೆ ಇನ್ನೂ ಬಂದಂತಿಲ್ಲ.

ಅದನ್ನು ತರಹೊರಟವನು ಮೊದಲು ಕಲಿಯುವ ಪಾಠ ಅಳತೆಯದು. ಈ ಆಟಗಳ ಗೊಂಬೆ ಸಾಮಾನ್ಯವಾಗಿ 28 ಮಿಲಿಮೀಟರ್ ಎತ್ತರ, ಅಂದರೆ ನಿಜದ ಅರುವತ್ತರಲ್ಲೊಂದು ಪಾಲು. ಆ ಲೆಕ್ಕದಲ್ಲಿ ಆರಡಿ–ನಾಲ್ಕಡಿಯ ಮೇಜು ನಿಜದ ಮುನ್ನೂರರುವತ್ತು ಅಡಿ ಉದ್ದ, ಇನ್ನೂರನಲುವತ್ತು ಅಡಿ ಅಗಲದ ಜಾಗ. ಸುಳ್ಯದಿಂದ ಮಂಗಳೂರಿನ ದಂಡಯಾತ್ರೆ ಇರಲಿ, ಬೆಳ್ಳಾರೆ ಪೇಟೆಯೂ ಅದರಲ್ಲಿ ಹಿಡಿಯುವುದಿಲ್ಲ. ಒಂದು ಮನೆ, ಅದರ ಮುಂದಿನ ಗದ್ದೆ, ಹಿಂದಿನ ಗುಡ್ಡೆಯ ಅಂಚು, ಇಷ್ಟೇ. ದೊಡ್ಡ ಕಾಳಗ ಬೇಕೆಂದವರು 6 ಮಿಲಿಮೀಟರಿನ ಗೊಂಬೆಗಳಿಗೆ ಇಳಿಯುತ್ತಾರೆ. ಆಗ ಅದೇ ಮೇಜು ಅರ್ಧ ಕಿಲೋಮೀಟರಿಗೂ ತುಸು ಹೆಚ್ಚಾಗುತ್ತದೆ. ಮನುಷ್ಯರು ಮಾತ್ರ ಅಕ್ಕಿಕಾಳಿನಷ್ಟೇ ಆಗಿಬಿಡುತ್ತಾರೆ.

ಆ ಚಿಕ್ಕ ಜಾಗದಲ್ಲಿ ತುಳುನಾಡಿನ ನೆಲ ಎಷ್ಟು ಸೊಗಸಾಗಿ ಕೂರುತ್ತದೆಂದರೆ ಈ ಆಟಕ್ಕೆಂದೇ ಹುಟ್ಟಿದಂತಿದೆ. ಇಲ್ಲಿಯ ರೈತರು ಗದ್ದೆಯನ್ನು ಬೈಲು, ಮಜಲು, ಬೆಟ್ಟು ಎಂದು ಮೂರು ಮಾಡಿದ್ದಾರೆ. ತಗ್ಗಿನಲ್ಲಿ ನೀರು ನಿಲ್ಲುವುದು ಬೈಲು, ನಡುವಿನದು ಮಜಲು, ಮೇಲೆ ಮಳೆಯನ್ನೇ ನಂಬಿದ್ದು ಬೆಟ್ಟು. ಟೆರೇನ್ ಮಾಡುವವರು ಒಂದರ ಮೇಲೊಂದು ಹಾಳೆ ಅಂಟಿಸಿ ಎತ್ತರ ಏರಿಸುವ ಕ್ರಮಕ್ಕೆ ಇದು ನೇರವಾಗಿ ಹೊಂದುತ್ತದೆ. ಒಂದಿಂಚು ದಪ್ಪದ ಒಂದು ಪದರ ನಿಜದಲ್ಲಿ ಐದಡಿ. ಮೇಜಿನ ಮೈ ಬೈಲು. ಒಂದು ಪದರ ಏರಿದರೆ ಮಜಲು, ಇನ್ನೊಂದು ಏರಿದರೆ ಬೆಟ್ಟು, ಅದರಾಚೆ ಗುಡ್ಡೆ. ಮೇಜನ್ನು ಅಗೆಯಲು ಬರುವುದಿಲ್ಲ, ಏರಿಸಲು ಬರುತ್ತದೆ. ಆದ್ದರಿಂದ ತೋಡಿನಿಂದ ಶುರುಮಾಡಿ ಮೇಲಕ್ಕೆ ಹೋಗುವುದೇ ಕ್ರಮ. ಅಡಿಯಲ್ಲಿ ಮೂರಂಗುಲ ಎತ್ತರ ಸಿಕ್ಕಿದ ಮೇಲೆ ಅಗಳೂ ತೋಡಬಹುದು. ಆರಡಿ ಆಳದ ಅಗಳು ಈ ಅಳತೆಯಲ್ಲಿ 30 ಮಿಲಿಮೀಟರ್. 28 ಮಿಲಿಮೀಟರಿನ ಬಂಡಾಯಗಾರ ಅದರೊಳಗೆ ನಿಂತರೆ ತಲೆ ಸಹ ಕಾಣದು.

ಉಳಿದ ನಿಯಮಗಳೂ ಹೀಗೆಯೇ ಊರಿನಿಂದಲೇ ಹುಟ್ಟುತ್ತವೆ. ಕಟ್ಟಪುಣಿಯ ಮೇಲೆ ಒಬ್ಬರ ಹಿಂದೆ ಒಬ್ಬರೇ ಹೋಗಬೇಕು. ಏಣೇಲು ನೆಟ್ಟ ಗದ್ದೆಗಿಳಿದರೆ ನಡೆ ಅರ್ಧ. ತೋಡಿಗೆ ಅಡ್ಡ ಹಾಕಿದ ಸಂಕವನ್ನು ಹಿಡಿದವನು ಬೈಲನ್ನೇ ಹಿಡಿದಂತೆ. ಗುಡ್ಡೆಯ ಕಡಿದಾದ ಬರೆಯನ್ನು ಹತ್ತಲಾಗದು, ಇಳಿಯಬಹುದು. ನಾಗಬನದೊಳಗೆ ಕಾಲಿಡಲು ಎರಡೂ ಕಡೆಯವರಿಗೆ ಹೆದರಿಕೆ. ಈ ನಿಯಮ ಯಾವ ವಾರ್‌ಹ್ಯಾಮರ್ ಪುಸ್ತಕದಲ್ಲೂ ಸಿಗದು.

ಚರಿತ್ರೆಯ ಶುದ್ಧಿಯೂ ಒಂದು ರುಚಿ. 1837ರ ಬೆಳ್ಳಾರೆಯ ಮನೆಗಳಿಗೆ ಮಂಗಳೂರು ಹಂಚು ಹೊದಿಸಿದರೆ ತಪ್ಪು. ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ್ದು 1865ರಲ್ಲಿ. ಸೋಗೆ, ಮುಳಿಹುಲ್ಲಿನ ಮಾಡೇ ಸರಿ, ಮಾಡಲೂ ಸುಲಭ. ಇಂದು ಸುಳ್ಯದ ಗುಡ್ಡಗಳನ್ನು ಸಾಲುಸಾಲಾಗಿ ಮುಚ್ಚಿರುವ ರಬ್ಬರ್ ಆಗ ಇರಲಿಲ್ಲ. ಅಡಕೆ ತೋಟ ಇಡುವುದಾದರೆ ಒಂದು ಕುತೂಹಲದ ಲೆಕ್ಕವಿದೆ. ಮರದಿಂದ ಮರಕ್ಕೆ ಒಂಬತ್ತಡಿ ಎಂಬ ಈಗಿನ ಅಂತರ ಮೇಜಿನ ಮೇಲೆ ನಾಲ್ಕೂವರೆ ಸೆಂಟಿಮೀಟರ್. 25 ಮಿಲಿಮೀಟರ್ ಬಿಲ್ಲೆಯ ಮೇಲೆ ನಿಂತ ಕಾಲಾಳು ಆರಾಮವಾಗಿ ನುಸುಳುತ್ತಾನೆ, 60 ಮಿಲಿಮೀಟರ್ ಬಿಲ್ಲೆಯ ಫಿರಂಗಿ ಸಿಕ್ಕಿಬೀಳುತ್ತದೆ. ಕುಂಪಣಿಯ ಸೈನ್ಯ ತೋಟದೊಳಗೆ ಪರದಾಡಲು ಬೇರೆ ನಿಯಮ ಬರೆಯಬೇಕಾಗಿಲ್ಲ. ಎತ್ತರದಲ್ಲಿ ಮಾತ್ರ ಮೋಸ ಮಾಡಲೇಬೇಕು. ಐವತ್ತಡಿಯ ಅಡಕೆ ಮರ ಅಳತೆಗೆ ಸರಿಯಾಗಿ 25 ಸೆಂಟಿಮೀಟರ್ ಆದರೆ ಆಟಗಾರನ ಕೈಯೇ ಒಳಗೆ ಹೋಗದು. ಅನುಭವಸ್ಥರು ಮರವನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ. ಕಣ್ಣು ಒಪ್ಪಿಕೊಳ್ಳುತ್ತದೆ.

ಯುದ್ಧ ಬೇಡ ಎನ್ನುವವರಿಗೆ ಹುಲಿ–ಕುರಿ ಆಟದ ಹೊಸ ರೂಪವೊಂದು ಕಾದಿದೆ: ತೋಟಕ್ಕೆ ನುಗ್ಗಿದ ಆನೆ ಒಂದು ಕಡೆ, ಗರ್ನಾಲು ಹಿಡಿದ ತೋಟದವರು ಇನ್ನೊಂದು ಕಡೆ. ಹತ್ತಡಿಯ ಆನೆ ಮೇಜಿನ ಮೇಲೆ ಐದು ಸೆಂಟಿಮೀಟರ್. ಸುಳ್ಯ, ಕಡಬದ ಕಡೆಯವರಿಗೆ ನಿಯಮ ವಿವರಿಸುವ ಅಗತ್ಯವಿಲ್ಲ.

ಇನ್ನು ವಸ್ತು. ಈ ಕೆಲಸದಲ್ಲಿ ಒಂದು ಗುಟ್ಟಿದೆ: ಕೆಲವು ವಸ್ತುಗಳು ಅಳತೆಯನ್ನು ಮರೆಸುತ್ತವೆ, ಕೆಲವು ಮರೆಸುವುದಿಲ್ಲ. ಕಲ್ಲು ಮರೆಸುತ್ತದೆ. ಮುಷ್ಟಿಯಷ್ಟು ಮುರಕಲ್ಲಿನ ಚೂರಿನಲ್ಲಿ ಇಡೀ ಬರೆಯಲ್ಲಿರುವ ತೂತು, ಬಿರುಕು, ಕೆಂಪು ಹಳದಿ ಕಪ್ಪು ಬಣ್ಣಗಳೆಲ್ಲ ಇರುತ್ತವೆ. 28 ಮಿಲಿಮೀಟರಿನ ಮನುಷ್ಯನನ್ನು ಪಕ್ಕದಲ್ಲಿಟ್ಟರೆ ಅದು ಇಪ್ಪತ್ತಡಿಯ ಬಂಡೆ. ಬೇರುಗಳೂ ಹಾಗೆಯೇ, ತೋಡಿನ ದಂಡೆಯಲ್ಲಿ ನೀರು ತೊಳೆದಿಟ್ಟ ಬೇರಿನ ತುದಿ ದೊಡ್ಡ ಮರವಾಗುತ್ತದೆ. ಎಲೆ ಮರೆಸುವುದಿಲ್ಲ. ಎಷ್ಟು ಸಣ್ಣ ಎಲೆ ತಂದರೂ ಅದು ಎಲೆಯೇ, ಸೈನಿಕನ ಪಕ್ಕದಲ್ಲಿ ಕೆಸುವಿನಷ್ಟು ಕಾಣುತ್ತದೆ. ಹಾವಸೆ ಹಸಿಯಾಗಿರುವಾಗ ಚೆಂದ, ಒಣಗಿದರೆ ಕಂದು. ನಾಲ್ಕು ವಾರ ಬಾಳುವ ಗೋದಲಿಗೆ ಅದು ಸಾಕು, ವರ್ಷಗಟ್ಟಲೆ ಆಡುವ ಮೇಜಿಗೆ ಸಾಲದು. ಅಲ್ಲಿಗೆ ಮರದ ಮಿಲ್ಲಿನ ಹುಡಿಯೇ ಬೇಕು: ಚಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು, ಹಸಿರಿನ ಮೂರ್ನಾಲ್ಕು ಛಾಯೆ ಹಾಕಿ ಒಣಗಿಸಿ, ಬೆರಕೆ ಮಾಡಿ ಉದುರಿಸಿದ್ದು. ಒಂದೇ ಹಸಿರು ಎಲ್ಲಿಯೂ ಹುಲ್ಲಿನಂತೆ ಕಾಣುವುದಿಲ್ಲ.

ಅಡಕೆ ಮರವೊಂದೇ ಅರ್ಧ ಅಂಗಡಿ. ಹಾಳೆಯ ಹೊರಮೈಯ ಉದ್ದ ಗೆರೆಗಳು ಮರದ ಹಲಗೆಯ ಗೆರೆಗಳಂತಿವೆ. ಸೀಳಿ ಅಂಟಿಸಿದರೆ ಬಾಗಿಲು, ಸಂಕ, ಗಾಡಿಯ ಹಲಗೆ ಎಲ್ಲ ಆಗುತ್ತದೆ. ನೆನೆಸಿದರೆ ಬಾಗುತ್ತದೆ, ಭಾರ ಹೇರಿ ಒಣಗಿಸಿದರೆ ಬಾಗಿದಂತೆಯೇ ನಿಲ್ಲುತ್ತದೆ. ಮುಟ್ಟಾಳೆ ಮಾಡುವವರು ತಲೆಮಾರುಗಳಿಂದ ಬಲ್ಲ ವಿಷಯ ಇದು. ಸುಲಿದು ಎಸೆದ ಸಿಪ್ಪೆಯ ನಾರನ್ನು ಬಾಚಿ, ಅಂಟು ಹಚ್ಚಿ, ಕತ್ತರಿಯಲ್ಲಿ ಅಂಚು ಸವರಿದರೆ ಮುಳಿಹುಲ್ಲಿನ ಮಾಡು. ತೆಂಗಿನ ಗೆರಟೆ ಕವುಚಿ ಹಾಕಿ ಮೇಲೆ ಕಾಗದ ಮೆತ್ತಿದರೆ ಗುಡ್ಡೆ. ಒಳಗೆ ಟೊಳ್ಳು, ಹಗುರ, ಪೆಟ್ಟಿಗೆಯಲ್ಲಿ ಒಂದರೊಳಗೊಂದು ಇಡಬಹುದು. ಜರಡಿ ಹಿಡಿದ ಕೆಮ್ಮಣ್ಣನ್ನು ಫೆವಿಕಾಲ್ ಮೇಲೆ ಉದುರಿಸಿದರೆ ಬಣ್ಣದ ಖರ್ಚೇ ಇಲ್ಲ. ಅಂಟು ಹೀರಿ ಮಣ್ಣು ಒಂದು ಛಾಯೆ ಕಪ್ಪಾಗುತ್ತದೆ ಎನ್ನುವುದನ್ನು ನೆನಪಿಟ್ಟುಕೊಂಡರಾಯಿತು.

ಗಟ್ಟಿಯಾಗಿ ಕಟ್ಟಬೇಕೆಂದವರು ಕೊಪ್ಪಳದ ಕಿನ್ನಾಳದ ಕಡೆ ನೋಡಬೇಕು. ಅಲ್ಲಿಯ ಚಿತ್ರಗಾರರು ಹಗುರ ಮರದ ಗೊಂಬೆಗಳ ಸಂದು ಮುಚ್ಚಲು 'ಕಿಟ್ಟ' ಬಳಸುತ್ತಾರೆ: ನೆನೆಸಿ ಒಣಗಿಸಿ ಹುಡಿಮಾಡಿದ ಸೆಣಬಿನ ಚಿಂದಿ, ಮರದ ಹುಡಿ, ಹುಣಸೆಬೀಜದ ಸರಿ. ಅದರ ಮೇಲೆ ಕಲ್ಲಿನ ಹುಡಿಯ ಲೇಪದಿಂದ ಒಡವೆಯ ಉಬ್ಬು ಮೂಡಿಸುತ್ತಾರೆ. ಇಂಗ್ಲೆಂಡಿನ ಆಟಗಾರ ಡಬ್ಬಿಯಲ್ಲಿ ಕೊಳ್ಳುವ ಗಾರೆಯ ಕೆಲಸವನ್ನು ಈ ಸರಿ ಮಾಡಬಲ್ಲದು. ಬಿರುಕು ಬಿಡದ ಗುಡ್ಡಕ್ಕೆ ಆವೆಮಣ್ಣಿಗಿಂತ ಇದು ಮೇಲು; ಆವೆಮಣ್ಣು ದಪ್ಪವಾದಷ್ಟೂ ಒಣಗುವಾಗ ಸೀಳುತ್ತದೆ, ತೂಕವೂ ಜಾಸ್ತಿ.

ಇಷ್ಟೆಲ್ಲ ಇದ್ದೂ ಈ ಕೆಲಸಕ್ಕೆ ಇಲ್ಲೊಬ್ಬ ದೊಡ್ಡ ವೈರಿ ಇದ್ದಾನೆ. ಮಳೆ. ಬೇರೆಲ್ಲೋ ಬರೆದ ಕೈಪಿಡಿಗಳು ಇದರ ಬಗ್ಗೆ ಒಂದು ಮಾತೂ ಹೇಳುವುದಿಲ್ಲ. ಜೂನ್ ಕಳೆಯುವಷ್ಟರಲ್ಲಿ ಹಾಳೆಗೆ ಬೂಸು ಹಿಡಿಯುತ್ತದೆ, ರಟ್ಟು ಮೆತ್ತಗಾಗಿ ಮೂಲೆ ಬಾಗುತ್ತದೆ. ಫೆವಿಕಾಲ್ ಪದರ ಹಾಕಿ ಹೊಳಪು ತಂದ ಹೊಳೆ ತೇವ ಹೀರಿ ಮತ್ತೆ ಹಾಲಿನಂತೆ ಬೆಳ್ಳಗಾಗುತ್ತದೆ. ಹೊಳೆಗೆ ಅದರ ಬದಲು ಬಣ್ಣ ಬಳಿದ ಹಲಗೆಯ ಮೇಲೆ ಗಾಜು ಅಥವಾ ವಾರ್ನಿಶ್ ಕ್ಷೇಮ. ಗೋದಲಿಯವರ ಕನ್ನಡಿ ಚೂರು ಈ ವಿಷಯದಲ್ಲಿ ಜಾಣತನದ್ದೇ. ಒರಲೆಗೆ ರಟ್ಟೂ ಮೈದಾ ಅಂಟೂ ಹಬ್ಬದೂಟ. ಇದಕ್ಕೆ ಹಳೆಯ ಪುಸ್ತಕ ಬೈಂಡರುಗಳ ಉಪಾಯವೇ ಸರಿ: ಅಂಟು ಕಾಯಿಸುವಾಗ ಚಿಟಿಕೆ ಮೈಲುತುತ್ತು. ಕೊಳೆರೋಗಕ್ಕೆ ಬೋರ್ಡೊ ಹೊಡೆಯುವ ಈ ಸೀಮೆಯಲ್ಲಿ ಮೈಲುತುತ್ತು ಇಲ್ಲದ ಅಡಕೆ ತೋಟದ ಮನೆ ಅಪರೂಪ. ಅದು ವಿಷ. ಅಡುಗೆ ಪಾತ್ರೆಯಲ್ಲಿ ಕಾಯಿಸಬಾರದು, ಸಣ್ಣ ಮಕ್ಕಳು ಅಂಟು ಕಲಸುವ ಕಡೆ ಇಡಲೇಬಾರದು.

ಥರ್ಮಾಕೋಲ್ ಮಾತೆತ್ತದೆ ಈ ಸಮೀಕ್ಷೆ ಮುಗಿಯದು. ಶಾಲೆಯ ವಿಜ್ಞಾನ ಪ್ರದರ್ಶನದಿಂದ ಹಿಡಿದು ಮದುವೆ ಮಂಟಪದವರೆಗೆ ನಮ್ಮ 'ಮಾಡೆಲ್' ಎಂದರೆ ಥರ್ಮಾಕೋಲ್. ಹಗುರ, ಅಗ್ಗ, ತೇವಕ್ಕೆ ಅಂಜದು. ಬಿಸಿ ತಂತಿಯಲ್ಲಿ ಬೆಣ್ಣೆಯಂತೆ ಕುಯ್ಯಬಹುದು, ಹೊಗೆ ಮಾತ್ರ ಮೂಗಿಗೆ ಹೋಗಬಾರದು. ಸ್ಪ್ರೇ ಬಣ್ಣ ನೇರ ಹೊಡೆದರೆ ಕರಗಿ ತೂತಾಗುತ್ತದೆ. ಮೊದಲ ಸಲ ಮಾಡುವವರೆಲ್ಲ ಇದನ್ನು ಒಂದು ಗುಡ್ಡ ಕಳೆದುಕೊಂಡೇ ಕಲಿಯುತ್ತಾರೆ. 2022ರ ಜುಲೈ 1ರಿಂದ ದೇಶದಲ್ಲಿ ಜಾರಿಗೆ ಬಂದ ಏಕಬಳಕೆ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ಅಲಂಕಾರದ ಥರ್ಮಾಕೋಲ್ ಕೂಡ ಇದೆ. ಹೊಸ ಹಾಳೆ ಕೊಂಡು ತರುವುದಕ್ಕಿಂತ ಟಿವಿ, ಫ್ರಿಜ್ಜಿನ ಜೊತೆ ಬಂದು ಹಿತ್ತಿಲಲ್ಲಿ ಬಿದ್ದಿರುವ ಪ್ಯಾಕಿಂಗ್ ತುಂಡುಗಳನ್ನು ಬಳಸಿ, ಕಾಗದ ಮೆತ್ತಿ ಮುಚ್ಚಿ ಹತ್ತು ವರ್ಷ ಆಡುವುದು ಮರ್ಯಾದೆಯ ದಾರಿ. ಹಾಗೆ ಆಡಿದರೆ ಅದು ಏಕಬಳಕೆಯಂತೂ ಅಲ್ಲ.

3ಡಿ ಪ್ರಿಂಟರ್ ಬಂದಿರುವಾಗ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಕೆತ್ತನೆಯ ಕಂಬ, ಕಿಟಕಿಯ ಸರಳು, ಬಾವಿಯ ರಾಟೆ ಇಂಥವನ್ನು ಯಂತ್ರ ಕೈಗಿಂತ ಚೆನ್ನಾಗಿ ಮಾಡುತ್ತದೆ. ಗುಡ್ಡವನ್ನು ಮಾಡುವುದಿಲ್ಲ. ಅಚ್ಚಾದ ಬಂಡೆ ಎಲ್ಲ ಮೇಜುಗಳ ಮೇಲೂ ಅದೇ ಬಂಡೆ, ಅದೂ ಇನ್ಯಾವುದೋ ದೇಶದ ಬಂಡೆ. ಕಟ್ಟಪುಣಿಯ ಫೈಲನ್ನು ಮೊದಲು ಯಾರಾದರೂ ಇಲ್ಲಿಯವರೇ ಕೂತು ರಚಿಸಬೇಕು. ಅದಕ್ಕೆ ಹಿಡಿಯುವ ಹೊತ್ತಿನಲ್ಲಿ ಮಣ್ಣಿನ ಕಟ್ಟಪುಣಿ ಹತ್ತು ಮಾಡಬಹುದು. ಪುಣೆಯ ಕೋಥ್ರೂಡಿನಲ್ಲಿರುವ ಜೋಶಿಯವರ ಪುಟ್ಟ ರೈಲು ಮ್ಯೂಸಿಯಂಗೆ ಜನ ಟಿಕೆಟು ಕೊಂಡು ಹೋಗುವುದು ಅಲ್ಲಿ ಒಂದು ಊರನ್ನೇ ಕೈಯಲ್ಲಿ ಕಟ್ಟಿದ್ದಾರೆ ಎನ್ನುವುದಕ್ಕೆ.

ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಶಾಲೆಗಳ ಮೇಷ್ಟರು ಟೀಚರುಗಳಲ್ಲಿ ಒಂದು ವಿನಂತಿ. ವಸ್ತುಪ್ರದರ್ಶನದಲ್ಲಿ ಹೊಗೆಯುಗುಳುವ ಜ್ವಾಲಾಮುಖಿ ಈ ಸೀಮೆಗೆ ಸಂಬಂಧವಿಲ್ಲದ ಬೆಟ್ಟ. ಮುಂದಿನ ಸಲ ಮಕ್ಕಳಿಂದ ಬೈಲು, ಮಜಲು, ಬೆಟ್ಟು ಇರುವ ಒಂದು ಬೆಳ್ಳಾರೆಯನ್ನು ಮಾಡಿಸಿ. ಖಜಾನೆಯನ್ನು ಯಾವ ಕಡೆಯಿಂದ ಹತ್ತಬಹುದಿತ್ತೆಂದು ಅವರನ್ನೇ ಕೇಳಿ. ಉತ್ತರ ಹುಡುಕುತ್ತ ಅವರು ಬಂಗ್ಲೆಗುಡ್ಡೆಗೇ ಹೋಗಿ ನೋಡಿ ಬಂದರೆ ಸಮಾಜ ಪಾಠದ ಒಂದು ಅಧ್ಯಾಯ ಅಲ್ಲಿಗೇ ಮುಗಿದಂತೆ.

ಕೆಲಸಕ್ಕೆ ತಕ್ಕ ಕಾಲ ದೀಪಾವಳಿಯಿಂದ ಪತ್ತನಾಜೆಯವರೆಗೆ, ಯಕ್ಷಗಾನ ಮೇಳಗಳ ತಿರುಗಾಟದ ಕಾಲವೇ. ಮೇ 24ರ ಹೊತ್ತಿಗೆ ಮೇಳದವರು ಗೆಜ್ಜೆ ಬಿಚ್ಚುವಾಗ ಮೇಜಿನವರೂ ಗುಡ್ಡೆ, ಮನೆ, ತೋಟವನ್ನೆಲ್ಲ ಬಿಸಿಲಿಗಿಟ್ಟು, ಗಾಳಿಯಾಡದ ಡಬ್ಬದಲ್ಲಿ ಮುಚ್ಚಿಡುವುದು ಒಳ್ಳೆಯದು. ಮುರಕಲ್ಲಿನ ಚೂರುಗಳನ್ನು ಮಾತ್ರ ಮಳೆಗಾಲ ಮುಗಿಯುತ್ತಿದ್ದಂತೆ ಹೆಕ್ಕಬೇಕು. ಬರೆಯ ಬುಡದಲ್ಲಿ ಮಳೆ ಅವನ್ನು ತೊಳೆದು ಇಟ್ಟಿರುತ್ತದೆ.